ಮೇಲಿನ ಬಂಡೆ ಯಾಕೆ ಬೀಳುವುದಿಲ್ಲ

ಲೋಕ ಆಗ ತಾನೇ ಆಗಿತ್ತು, ಇನ್ನೂ ಹಸಿ ಆರಿರಲಿಲ್ಲ. ಗುಡ್ಡವನ್ನು ಒತ್ತಿದರೆ ಬೆರಳು ಒಳಗೆ ಹೋಗುತ್ತಿತ್ತು. ಯಾವ ದನಿಯಲ್ಲಿ ಕೂಗಬೇಕು ಎಂದು ಹಕ್ಕಿಗಳು ಇನ್ನೂ ತೀರ್ಮಾನ ಮಾಡಿರಲಿಲ್ಲ. ಸೂರ್ಯ ಇದ್ದ, ಆದರೆ ಮಂಜಿನ ಹಿಂದೆ ಇದ್ದ. ಅವನ ಮುಖವನ್ನು ಯಾರೂ ಕಂಡಿರಲಿಲ್ಲ. ಬೆಳಕು ಬರುತ್ತಿತ್ತು, ಬಿಸಿಲು ಬರುತ್ತಿರಲಿಲ್ಲ.

ಆ ಕಾಲದಲ್ಲಿ ನಮ್ಮ ಈ ಗುಡ್ಡದ ಸಾಲಿನಲ್ಲಿ ಮಿದುಗರು ಎಂಬ ಜನ ಇದ್ದರು.

ಅವರು ಮನುಷ್ಯರಲ್ಲ, ಮೃಗಗಳೂ ಅಲ್ಲ. ಮಣ್ಣು, ನೀರು ಕಲಸಿ ಆದವರು. ರೊಟ್ಟಿಗೆ ನಾದಿಟ್ಟ ಹಿಟ್ಟು ಎಷ್ಟು ಮೆತ್ತಗಿರುತ್ತದೋ ಅಷ್ಟು ಮೆತ್ತಗೆ ಇದ್ದರು. ಕೈ ಇತ್ತು, ಕಾಲು ಇತ್ತು, ಮೂಗೂ ಇತ್ತು. ಮೂಗು ಮಾತ್ರ ಒಂದೊಂದು ದಿನ ಒಂದೊಂದು ಕಡೆ ಇರುತ್ತಿತ್ತು. ನಗಬೇಡ. ಬೆಳಿಗ್ಗೆ ಎದ್ದಾಗ ನಿನ್ನ ತಲೆಗೂದಲು ಹೇಗಿರುತ್ತದೆ ಎಂದು ಕನ್ನಡಿಯಲ್ಲಿ ನೋಡಿಕೊಂಡಿದ್ದೀಯಾ?

ಇಬ್ಬರು ಮಿದುಗರು ಎದುರಾದರೆ ಒಬ್ಬರ ಹೆಗಲಿಗೆ ಇನ್ನೊಬ್ಬರು ಹೆಬ್ಬೆರಳು ಒತ್ತುತ್ತಿದ್ದರು. ಅದೇ ಅವರ ನಮಸ್ಕಾರ. ಒತ್ತಿದ ಗುಳಿ ಹಾಗೇ ಉಳಿಯುತ್ತಿತ್ತು. ಹೆಗಲ ತುಂಬ ಗುಳಿ ಇದ್ದವರು ಊರಿಗೆ ಬೇಕಾದವರು. ಗುಳಿ ಕಡಿಮೆ ಇದ್ದವರನ್ನು ಕಂಡರೆ ಎಲ್ಲರಿಗೂ ಅಯ್ಯೋ ಅನ್ನಿಸಿ, ಹೋಗಿ ಒಂದೊಂದು ಒತ್ತಿ ಬರುತ್ತಿದ್ದರು.

ಕತ್ತಲಾದ ಮೇಲೆ ಅವರ ಕೆಲಸ ಶುರು. ಬೇರುಗಳಿಗೆ ನೆಲದೊಳಗೆ ದಾರಿ ಬಿಡಿಸಿಕೊಡುತ್ತಿದ್ದರು. ಇರುವೆಗಳಿಗೆ ಗೂಡಿನ ಮಣ್ಣು ಹದ ಮಾಡಿಕೊಡುತ್ತಿದ್ದರು. ಹೊಳೆಯ ದಡವನ್ನು ಅಂಗೈಯಿಂದ ಸವರಿ ನಯ ಮಾಡುತ್ತಿದ್ದರು. ಬೆಳಕು ಹರಿದರೆ ಗುಡ್ಡ ಹತ್ತಿ ಮಲಗುತ್ತಿದ್ದರು.

ಮಲಗುವುದೂ ನಮ್ಮ ಹಾಗಲ್ಲ. ಹಿರಿಯರು ಕೆಳಗೆ ಕೂರುತ್ತಿದ್ದರು. ಕಿರಿಯರು ಅವರ ಮೇಲೆ ಹತ್ತಿ, ತೊಡೆಯೋ ಬೆನ್ನೋ ನೆತ್ತಿಯೋ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಮಲಗುತ್ತಿದ್ದರು. ಇದಕ್ಕೆ ಅವರು ಹೊರುವುದು ಎನ್ನುತ್ತಿದ್ದರು. ಕಿರಿಯರು ಎದ್ದಿಳಿದ ಮೇಲೆ ಹಿರಿಯರು ಒಂದು ಜೊಂಪು ತೆಗೆಯುತ್ತಿದ್ದರು. ಹೊರುವುದೆಂದರೆ ಅವರಿಗೆ ಭಾರವಲ್ಲ, ಮರ್ಯಾದೆ.

ಹೊರುವವರಿಗೆ ಒಂದೇ ಒಂದು ಕಟ್ಟಳೆ ಇತ್ತು. ಮೇಲೆ ಮಲಗಿದವರು ತಾವಾಗಿ ಏಳುವ ತನಕ ಅವರನ್ನು ಎಬ್ಬಿಸಬಾರದು. ಅವರು ಏಳುವ ತನಕ ಕೆಳಗಿನವರು ಅಲುಗಾಡಬಾರದು.

ಯಾಕೆಂದರೆ ನಿದ್ದೆಯಲ್ಲಿ ಮಿದುಗರ ಮೈ ಸಡಿಲವಾಗಿ, ರಾತ್ರಿಯ ಕೆಲಸದಲ್ಲಿ ಸವೆದದ್ದೆಲ್ಲ ಮತ್ತೆ ಕೂಡಿಕೊಳ್ಳುತ್ತಿತ್ತು. ಅರ್ಧಕ್ಕೆ ಎಬ್ಬಿಸಿದರೆ ಕೂಡಿಕೊಳ್ಳುವುದೂ ಅರ್ಧಕ್ಕೆ ನಿಂತು, ಎಬ್ಬಿಸಿದವರ ಕೈಯಲ್ಲೇ ಮೈ ಪುಡಿಯಾಗುತ್ತದೆ ಎಂದು ಹೇಳುತ್ತಿದ್ದರು. ಹಾಗೆ ಆದದ್ದನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಎಲ್ಲರೂ ಕೇಳಿದವರೇ. ಆದರೆ ತನ್ನ ಮಗುವಿನ ಮೇಲೆ ಪರೀಕ್ಷೆ ಮಾಡಿ ನೋಡುವವರು ಯಾರಿದ್ದಾರೆ?

ಆ ಗುಡ್ಡದಲ್ಲಿ ದಿಬ್ಬಜ್ಜಿ ಎಂಬ ಮುದುಕಿ ಇದ್ದಳು. ಅವಳಷ್ಟು ಅಗಲವಾದ ಹೆಗಲು ಇಡೀ ಗುಡ್ಡದಲ್ಲಿ ಇರಲಿಲ್ಲ. ಅವಳ ಸೊಸೆ ಕೆಮ್ಮಣ್ಣಿ. ಕೆಮ್ಮಣ್ಣಿಗೆ ಒಂದೇ ಮಗಳು, ಇಷ್ಟೇ ಇಷ್ಟು. ಗುಂಡಗಿದ್ದಳೆಂದು ಎಲ್ಲರೂ ಅವಳನ್ನು ಉಂಡಿ ಎನ್ನುತ್ತಿದ್ದರು.

ಉಂಡಿಗೆ ಬಿರುಕು ಜ್ವರ ಬಂತು. ಮೊದಲು ಪಾದದಲ್ಲಿ ಒಂದು ಗೆರೆ ಬಿತ್ತು. ಆಮೇಲೆ ಹೊಟ್ಟೆಯ ಮೇಲೆ, ಆಮೇಲೆ ಕೆನ್ನೆಯ ಮೇಲೆ. ನೋವಿಗೆ ಮಗು ಒಂಬತ್ತು ದಿನ ಕಣ್ಣು ಮುಚ್ಚಲಿಲ್ಲ. ಕೆಮ್ಮಣ್ಣಿ ಹೊಳೆಯ ಹತ್ತಿರ ಹೋಗಿ ಕೇಳಿದಳು, ಏನು ಮಾಡಲಿ ಎಂದು. ಆಗ ಹೊಳೆಗೆ ಎಲ್ಲ ಔಷಧಿಯೂ ಗೊತ್ತಿತ್ತು.

"ಇದಕ್ಕ ಔಷಧ ಇಲ್ಲ, ಯವ್ವಾ," ಎಂದಿತು ಹೊಳೆ. "ಒಂದು ತುಂಬು ನಿದ್ದಿ ಬಂದ್ರ ಕೂಸು ಉಳೀತೈತಿ. ಬರದಿದ್ರ ಇಲ್ಲ."

ಹತ್ತನೇ ದಿನ ಬೆಳಗಿನ ಹೊತ್ತು, ಎಲ್ಲರೂ ಮಲಗಿದ ಮೇಲೆ, ದಿಬ್ಬಜ್ಜಿಯ ಹೆಗಲ ಮೇಲೆ ಉಂಡಿ ಮುಲುಕುತ್ತ ಮುಲುಕುತ್ತ ಸುಮ್ಮನಾದಳು. ಅಜ್ಜಿ ಉಸಿರು ಬಿಗಿಹಿಡಿದು ಕೇಳಿದಳು. ಸುಯ್... ಸುಯ್... ಮಗು ಮಲಗಿತ್ತು. ನೋಡುತ್ತಿದ್ದಂತೆ ಪಾದದ ಗೆರೆ ಅಂಚಿನಿಂದ ಕೂಡಿಕೊಳ್ಳತೊಡಗಿತು. ಕೆಮ್ಮಣ್ಣಿಗೆ ಕುಣಿಯಬೇಕು ಅನ್ನಿಸಿತು. ಕುಣಿದರೆ ಸದ್ದಾಗುತ್ತದಲ್ಲ, ಅದಕ್ಕೆ ಸುಮ್ಮನೆ ಸೋರೆ ಬುರುಡೆ ಹಿಡಿದು ನೀರಿಗೆ ಹೋದಳು. ಎದ್ದ ಕೂಡಲೇ ಮಗು ನೀರು ಕೇಳುತ್ತದೆ ಎಂದು.

ಹೊಳೆಯ ದಡದಲ್ಲಿ ಮಂಜು ತನ್ನ ಸೆರಗುಗಳನ್ನೆಲ್ಲ ಒಟ್ಟುಮಾಡಿಕೊಳ್ಳುತ್ತಿತ್ತು.

"ಎಲ್ಲಿಗೆ ಹೊಂಟೀ?" ಎಂದು ಕೆಮ್ಮಣ್ಣಿ ಕೇಳಿದಳು.

"ನನ್ನ ಕೆಲಸ ಮುಗೀತು, ತಂಗಿ," ಎಂದಿತು ಮಂಜು. "ಲೋಕ ಇನ್ನ ಆರಬೇಕಂತ. ಇವತ್ತ ನಾ ಏಳಬೇಕು."

ಹೊಳೆ ಗಾಬರಿಯಿಂದ ದಡಕ್ಕೆ ಬಡಿಯಿತು. "ಕೆಮ್ಮಣ್ಣೀ, ಮಂಜು ಎದ್ರ ಬಿಸಿಲು ನೇರ ಬೀಳತೈತಿ. ಮಣ್ಣಿನ ಮೈ ಸುಟ್ಟು ಕಲ್ಲಾಗತೈತಿ. ನಿಮ್ಮ ಮಂದೀನ ಎಲ್ಲಾ ನನ್ನ ಮಡುವಿಗೆ ಕರಕೊಂಡು ಬಾ. ಮಂಜು ಗುಡ್ಡದ ನೆತ್ತಿ ಬಿಡೋದ್ರೊಳಗ ಬಾ. ಓಡು!"

ಕೆಮ್ಮಣ್ಣಿ ಓಡಿದಳು. ಗುಡ್ಡದ ಬುಡಕ್ಕೆ ಬಂದು ಕೂಗಲು ಬಾಯಿ ತೆಗೆದಳು. ತೆಗೆದ ಬಾಯಿ ಹಾಗೇ ನಿಂತಿತು. ಗುಡ್ಡದ ತುಂಬ ಮಂದಿ ಮಲಗಿದ್ದರು. ಕೂಗಿದರೆ ಎಲ್ಲರೂ ಏಳುತ್ತಾರೆ.

ಲೋಕದ ಮೇಲೆ ಅಂಥ ದೊಡ್ಡ ಸುದ್ದಿಯನ್ನು ಅಷ್ಟು ಸಣ್ಣ ದನಿಯಲ್ಲಿ ಯಾರೂ ಹೇಳಿರಲಿಕ್ಕಿಲ್ಲ. ಕೆಮ್ಮಣ್ಣಿ, ಕಿರಿಯರನ್ನು ಹೊತ್ತು ಕೂತ ಒಬ್ಬೊಬ್ಬ ಹಿರಿಯರ ಹತ್ತಿರ ಹೋಗಿ ಕಿವಿಯಲ್ಲಿ ಪಿಸುಗುಟ್ಟಿದಳು. ಅವರು ಕೇಳಿದರು. ಕಣ್ಣು ಅಗಲ ಮಾಡಿದರು. ಮೇಲೆ ಮಲಗಿದ ಮಗನನ್ನೋ ಮೊಮ್ಮಗಳನ್ನೋ ನೋಡಿದರು. ಆಮೇಲೆ ಎಲ್ಲರೂ ಒಂದೇ ಮಾತು ಹೇಳಿದರು. "ಶ್! ಮಕ್ಕೊಂಡಾರ. ಎದ್ದ ಕೂಡ್ಲೆ ಬರತೀವಿ."

ಹೊರಲು ಯಾರೂ ಇಲ್ಲದ ಮೂರು ನಾಲ್ಕು ಮಂದಿ ಮಾತ್ರ ತಲೆ ತಗ್ಗಿಸಿಕೊಂಡು ಹೊಳೆಗೆ ಇಳಿದರು.

ಕೊನೆಗೆ ಕೆಮ್ಮಣ್ಣಿ ತನ್ನ ಅತ್ತೆಯ ಮುಂದೆ ಬಂದು ನಿಂತಳು. ಎಲ್ಲವನ್ನೂ ಹೇಳಿದಳು.

"ಅತ್ತೀ, ಎಬ್ಬಸ್ರಿ."

"ಒಲ್ಲೆ."

"ಅತ್ತೀ, ಮಂಜು ಅರ್ಧ ಗುಡ್ಡ ಬಿಟ್ಟೈತಿ. ಕಣ್ಣಿಲೆ ನೋಡ್ರಿ!"

"ನೋಡೀನಿ. ಪಾದದ ಬಿರುಕು ಮುಚ್ಚೈತಿ. ಹೊಟ್ಟೀದು ಇನ್ನೂ ಐತಿ. ಈಗ ಎಬ್ಬಿಸಿದ್ರ ನಿನ್ನ ಕೈಯಾಗ ಏನ ಉಳೀತೈತಿ ಹೇಳು."

"ಆ ಮಾತು ಸುಳ್ಳಾಗಿದ್ರ? ಯಾರ ಕಂಡಾರ?"

"ಖರೇ ಆಗಿದ್ರ?" ಎಂದಳು ದಿಬ್ಬಜ್ಜಿ.

ಕೆಮ್ಮಣ್ಣಿ ಮಗುವಿನ ಹೊಟ್ಟೆಯ ಗೆರೆಯನ್ನೂ ಏರುತ್ತಿದ್ದ ಮಂಜನ್ನೂ ನೋಡಿದಳು. "ಎಬ್ಬಸಬ್ಯಾಡ್ರಿ. ಕೂತಂಗ ಮೆಲ್ಲಕ ಸರೀರಿ. ಬೆರಳಷ್ಟು, ಬೆರಳಷ್ಟು. ಹಂಗ ಹೊಳೀಗೆ ಹೋಗೋಣು," ಎಂದು ಬೇಡಿಕೊಂಡಳು.

ದಿಬ್ಬಜ್ಜಿ ಹುಟ್ಟಿದಾಗಿನಿಂದ ಕಟ್ಟಳೆ ಮುರಿದವಳಲ್ಲ. ಆದರೂ ಆ ದಿನ ಮುರಿದಳು. ಬೆರಳಷ್ಟು ಸರಿದಳು. ಮೇಲೆ ಉಂಡಿ ನಿದ್ದೆಯಲ್ಲೇ ನರಳಿದಳು. ಆಗ ತಾನೇ ಮುಚ್ಚಿಕೊಂಡಿದ್ದ ಪಾದದ ಗೆರೆ ಚಿಟ್ ಎಂದು ಮತ್ತೆ ಬಾಯಿಬಿಟ್ಟಿತು. ಒಂದು ಚಿಟಿಕೆ ಪುಡಿ ಅಜ್ಜಿಯ ಎದೆಯ ಮೇಲೆ ಉದುರಿತು.

ದಿಬ್ಬಜ್ಜಿ ಅಲ್ಲಿಗೇ ನಿಲ್ಲಿಸಿಬಿಟ್ಟಳು. ಆಮೇಲೆ ಅವಳು ಸರಿಯಲಿಲ್ಲ. ಸರೀರಿ ಎಂದು ಕೆಮ್ಮಣ್ಣಿಯೂ ಮತ್ತೆ ಹೇಳಲಿಲ್ಲ.

ಇದನ್ನೆಲ್ಲ ಗಾಳಿ ನೋಡುತ್ತಿತ್ತು. ಅದಕ್ಕೆ ತಡೆಯಲಾಗಲಿಲ್ಲ. ಮೇಲೆ ಹಾರಿ ಸೂರ್ಯನ ಹತ್ತಿರ ಹೋಯಿತು. "ಒಂದೀಟು ತಡಿಯೋ ಮಾರಾಯ," ಎಂದಿತು. "ಕೆಳಗ ಕೂಸುಗಳು ಮಕ್ಕೊಂಡಾವು. ಅವು ಎದ್ದ ಮ್ಯಾಲ ಬಾ."

ಸೂರ್ಯ ಕೆಟ್ಟವನಲ್ಲ. ಅವನ ಮುಖವೂ ಸಪ್ಪಗಾಯಿತು. "ನಾ ಹೊರಗ ಬರೋದು ಇದ ಮೊದಲ ಸಲ," ಎಂದ. "ನಡಿಯೋದಷ್ಟ ಗೊತ್ತೈತಿ. ನಿಂದ್ರೋದು ನನಗ ಯಾರೂ ಕಲಿಸಿಲ್ಲ." ಹಾಗೆ ಹೇಳುತ್ತಲೇ ಅವನು ಇನ್ನೂ ಒಂದು ಹೆಜ್ಜೆ ಮೇಲೆ ಬಂದಿದ್ದ. ಅವನಿಗೆ ಇವತ್ತಿಗೂ ನಿಲ್ಲಲು ಬರುವುದಿಲ್ಲ.

ಮಂಜು ಗುಡ್ಡದ ನೆತ್ತಿಯವರೆಗೂ ಎದ್ದಿತ್ತು.

"ನೀ ಹೋಗು, ಕೆಮ್ಮಣ್ಣಿ," ಎಂದಳು ದಿಬ್ಬಜ್ಜಿ. "ನಿನ್ನ ಮ್ಯಾಲ ಯಾರೂ ಇಲ್ಲ. ನೀ ಹೋಗಬಹುದು."

"ನಾ ಎಲ್ಲಿಗೆ ಹೋಗ್ಲಿ ಅತ್ತೀ?" ಎಂದಳು ಕೆಮ್ಮಣ್ಣಿ.

ಬುರುಡೆಯಲ್ಲಿದ್ದ ನೀರನ್ನು ಅವಳು ಹನಿಹನಿಯಾಗಿ ಮಗುವಿನ ಮೈಮೇಲೆ ಸವರಿದಳು. ತನಗೆ ಒಂದು ಹನಿಯೂ ಇಟ್ಟುಕೊಳ್ಳಲಿಲ್ಲ. ಅತ್ತೆಯ ಬೆನ್ನಿಗೆ ಒರಗಿ, ಮಗುವಿನ ಮೇಲೆ ನೆರಳು ಬೀಳುವ ಹಾಗೆ ಬಾಗಿ ನಿಂತಳು. ಎಷ್ಟು ಬಾಗಿದರೂ ಮೈ ತುಂಬ ನೆರಳಾಗಲಿಲ್ಲ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಬಿಸಿಲು ಬೀಳುತ್ತಿತ್ತು.

ಬಿಸಿಲು ಏರಿತು. ದಿಬ್ಬಜ್ಜಿಗೆ ಮೊದಲು ಕಾಲು ಜೋಮು ಹಿಡಿದ ಹಾಗಾಯಿತು. ಆಮೇಲೆ ಸೊಂಟ. ಅವಳಿಗೆ ಭಯವಾಯಿತು. ಬಹಳ ಭಯವಾಯಿತು. ಎದ್ದು ಓಡಿಬಿಡಬೇಕು ಅನ್ನಿಸಿತು. ಕಾಲು ಇನ್ನೂ ಪೂರ್ತಿ ಕಲ್ಲಾಗಿರಲಿಲ್ಲ, ಈಗಲೂ ಓಡಬಹುದಿತ್ತು, ಅದು ಅವಳಿಗೂ ಗೊತ್ತಿತ್ತು. ಕಿವಿಯ ಹತ್ತಿರ ಸುಯ್ ಸುಯ್ ಎಂದು ಉಸಿರು ಕೇಳುತ್ತಿತ್ತು. ಅವಳು ಕೂತೇ ಇದ್ದಳು.

"ಹೊಟ್ಟೀದು?" ಎಂದು ಪಿಸುಗುಟ್ಟಿದಳು.

"ಮುಚ್ಚಾಕತ್ತೈತ್ರಿ," ಎಂದಳು ಕೆಮ್ಮಣ್ಣಿ.

"ಕೆನ್ನೀದು?"

ಅದಕ್ಕೆ ಉತ್ತರ ಬರಲಿಲ್ಲ.

ಗಾಳಿ ಗುಡ್ಡಕ್ಕೆ ಮರಳಿದಾಗ ಸಂಜೆಯಾಗಿತ್ತು. ಎಲ್ಲೂ ಸದ್ದಿರಲಿಲ್ಲ. ಕೆಳಗೆ ಕೂತವರು ಕೂತಿದ್ದರು, ಮೇಲೆ ಮಲಗಿದವರು ಮಲಗಿದ್ದರು. ಗಾಳಿ ದಿಬ್ಬಜ್ಜಿಯ ಹೆಗಲನ್ನು ಮೆಲ್ಲಗೆ ಒತ್ತಿ ನೋಡಿತು. ಗುಳಿ ಬೀಳಲಿಲ್ಲ. ಮೇಲೆ ಹತ್ತಿ ಉಂಡಿಯನ್ನು ಸುತ್ತ ಸವರಿತು. ಪಾದದಿಂದ ಕೆನ್ನೆಯ ತನಕ ಮಗುವಿನ ಮೈಮೇಲೆ ಒಂದೇ ಒಂದು ಬಿರುಕೂ ಇರಲಿಲ್ಲ. ಜ್ವರ ಪೂರ್ತಿ ವಾಸಿಯಾಗಿತ್ತು.

ಗಾಳಿ ಆವತ್ತು ಅಳುತ್ತ ಗುಡ್ಡವನ್ನು ಎಷ್ಟು ಸುತ್ತು ಹಾಕಿತೋ. ಹೊಳೆಗೆ ಆ ಗುಡ್ಡವನ್ನು ನೋಡುತ್ತ ಹರಿಯಲು ಆಗಲಿಲ್ಲ. ಅದು ದೂರ ಸರಿದು ಆಚೆ ದಾರಿ ಮಾಡಿಕೊಂಡಿತು. ಅದಕ್ಕೇ ನಮ್ಮ ಗುಡ್ಡದ ಬುಡದಲ್ಲಿ ನೀರಿಲ್ಲ, ಬರೀ ಮುಳ್ಳಿನ ಕಂಟಿ. ಅಂದು ಹೊಳೆಗೆ ಇಳಿದ ಮೂರು ನಾಲ್ಕು ಮಂದಿ ಇದ್ದರಲ್ಲ, ಅವರು ಮತ್ತೆ ಮೇಲೆ ಬರಲಿಲ್ಲ. ಯಾರಿಗಾಗಿ ಬರಬೇಕು? ಹೊಳೆಯಲ್ಲಿ ಕಾಲಿಟ್ಟಾಗ ತಳದಲ್ಲಿ ಮೆತ್ತಗೆ ಏನೋ ನಿನ್ನ ಬೆರಳ ಸಂದಿಗೆ ಬರುತ್ತದಲ್ಲ, ಅವರೇ.

ನನಗೆ ಈ ದಿಬ್ಬಜ್ಜಿಯ ಮೇಲೆ ಬಹಳ ಸಿಟ್ಟಿದೆ. ಈ ಕಥೆ ಹೇಳಿದಾಗಲೆಲ್ಲ ಸಿಟ್ಟು ಬರುತ್ತದೆ. ಎಬ್ಬಿಸಬೇಕಿತ್ತು ಮುದುಕಿ. ಏನಾದರೂ ಆಗಲಿ ಎಂದು ಎತ್ತಿಕೊಂಡು ಓಡಬೇಕಿತ್ತು. ಹೀಗೆ ಅಂದುಕೊಳ್ಳುತ್ತೇನೆ. ಆಮೇಲೆ ನೀನು ನನ್ನ ತೊಡೆಯ ಮೇಲೆ ನಿದ್ದೆ ಹೋಗುತ್ತೀಯ, ನನ್ನ ಕಾಲು ಮರಗಟ್ಟುತ್ತದೆ, ಸೊಳ್ಳೆ ಕಚ್ಚುತ್ತದೆ, ನಾನೂ ಅಲುಗಾಡುವುದಿಲ್ಲ. ನಾನೇನು ದೊಡ್ಡ ಜಾಣೆಯೇ?

ನಾಳೆ ಗುಡ್ಡದ ಕಡೆ ಹೋದಾಗ ನೀನೇ ನೋಡು. ಕೆಳಗೆ ಒಂದು ದೊಡ್ಡ ಬಂಡೆ, ಅದರ ಮೇಲೆ ಒಂದು ಗುಂಡು ಬಂಡೆ, ಪಕ್ಕದಲ್ಲಿ ಬಾಗಿ ಒರಗಿದ ಇನ್ನೊಂದು. ಮೇಲಿನದು ಕೆಳಗಿನದನ್ನು ಅಂಗೈಯಷ್ಟು ಜಾಗದಲ್ಲಿ ಮಾತ್ರ ಮುಟ್ಟಿಕೊಂಡಿರುತ್ತದೆ. ಈಗ ಬಿತ್ತು, ಇನ್ನೇನು ಬಿತ್ತು ಅನ್ನಿಸುತ್ತದೆ. ಎಷ್ಟು ಮಳೆ ಬಂದು ಹೋಯಿತು, ಎಷ್ಟು ಬಿರುಗಾಳಿ ಬೀಸಿತು, ನಿನ್ನಂಥ ಎಷ್ಟು ತುಂಟರು ಹೆಗಲು ಕೊಟ್ಟು ತಳ್ಳಿ ನೋಡಿದರು. ಅದು ಬೀಳಲಿಲ್ಲ, ಯಾಕೆಂದರೆ ಮೇಲಿನ ಮಗು ಇನ್ನೂ ಎದ್ದಿಲ್ಲ, ಕೆಳಗಿನ ಅಜ್ಜಿ ಇನ್ನೂ ಅಲುಗಾಡಿಲ್ಲ.