ಹಿಮ್ಮಡಿ ನೋಡಿ ಬೆನ್ನು ಬಿಟ್ಟವರು

"ಗುರುಗಳೇ, ನೋವೇ ಇಲ್ಲದವರೂ ಎಲುಬಿನ ಪರೀಕ್ಷೆ ಮಾಡಿಸಿಕೊಳ್ಳಬೇಕು ಎನ್ನುತ್ತಾರೆ. ಇಲ್ಲದ ರೋಗವನ್ನು ಹುಡುಕಿಕೊಂಡು ಹೋಗುವುದು ಸರಿಯೇ?" ಎಂದು ಶಿಷ್ಯ ಚನ್ನವೀರ ಕೇಳಿದ.

ಗುರುಗಳ ಮುಖ ಬಿಗಿಯಿತು. ಒಂದು ಕತೆ ಹೇಳತೊಡಗಿದರು:

ಒಂದು ಪೇಟೆಯಲ್ಲಿ ಒಬ್ಬ ಜವಳಿ ವ್ಯಾಪಾರಿಯಿದ್ದ. ಅವನ ಹೆಸರು ನಮಗೆ ಬೇಡ. ಅವನ ಹೆಂಡತಿಯ ಹೆಸರು ಶಾಂತವ್ವ, ಅದನ್ನು ನೆನಪಿಟ್ಟುಕೋ. ಅರವತ್ತು ದಾಟಿದವಳು. ಅವಳ ತಾಯಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದವಳು ಮತ್ತೆ ಏಳಲೇ ಇಲ್ಲ.

ಒಂದು ಬೆಳಿಗ್ಗೆ ಶಾಂತವ್ವ ಬಚ್ಚಲಲ್ಲಿ ಜಾರಿ ಕೈಯೂರಿದಳು. ಅಷ್ಟಕ್ಕೇ ಮಣಿಕಟ್ಟು ಮುರಿಯಿತು. ಡಾಕ್ಟರು ಪ್ಲಾಸ್ಟರ್ ಹಾಕಿದರು. ಅವಳ ತಾಯಿಯ ವಿಷಯವನ್ನೂ ಕೇಳಿ ತಿಳಿದುಕೊಂಡರು. ಆಮೇಲೆ ವ್ಯಾಪಾರಿಗೆ ಹೇಳಿದರು: "ಇಷ್ಟು ಸಣ್ಣ ಪೆಟ್ಟಿಗೆ ಎಲುಬು ಮುರಿಯಬಾರದು. ಒಳಗೆ ಟೊಳ್ಳಾಗಿರಬಹುದು. ಸೊಂಟ ಮತ್ತು ಬೆನ್ನಿನ ಎಲುಬಿನ ಸಾಂದ್ರತೆ, ಅಂದರೆ ಗಟ್ಟಿತನ, ಅಳೆಯುವ ಸ್ಕ್ಯಾನ್ ಜಿಲ್ಲಾ ಆಸ್ಪತ್ರೆಯಲ್ಲಿದೆ. ಮಲಗಿಸಿ ಅಳೆಯುತ್ತಾರೆ, ನೋವಿಲ್ಲ. ತಡ ಮಾಡಬೇಡಿ."

ವ್ಯಾಪಾರಿ ತಲೆಯಾಡಿಸಿ ಮನೆಗೆ ಬಂದ. ಆಸ್ಪತ್ರೆ ದೂರವಿರಲಿಲ್ಲ, ಅವನು ಬಡವನೂ ಅಲ್ಲ. ಆದರೂ ಇಂದು ಅಂಗಡಿ, ನಾಳೆ ಮದುವೆ ಎಂದು ಮುಂದೂಡಿದ. ಕೈ ಕೂಡಿಕೊಂಡಿತು. "ಈಗ ನೋವಿಲ್ಲವಲ್ಲ, ಮತ್ತೇಕೆ?" ಎಂದ. ಅವನು ಹೂಂ ಎನ್ನದೆ ಹೆಂಗಸು ಹೊಸ್ತಿಲು ದಾಟುವ ಮನೆಯಾಗಿರಲಿಲ್ಲ ಅದು.

ಅಷ್ಟರಲ್ಲಿ ಪೇಟೆಯ ಕಲ್ಯಾಣ ಮಂಟಪದಲ್ಲಿ ಟಾನಿಕ್ ಮಾರುವವರು ಎಲುಬು ಪರೀಕ್ಷೆಯ ಒಂದು ಶಿಬಿರ ನಡೆಸಿದರು. ಬಂದವರ ಹಿಮ್ಮಡಿಯನ್ನು ಸಣ್ಣ ಯಂತ್ರದಲ್ಲಿಟ್ಟು ನೋಡುತ್ತಿದ್ದರು. ವ್ಯಾಪಾರಿ ಶಾಂತವ್ವನನ್ನು ಅಲ್ಲಿಗೆ ಕರೆದೊಯ್ದ. ಅವಳ ಹಿಮ್ಮಡಿ ನೋಡಿ, "ಪರವಾಗಿಲ್ಲ, ಈ ಟಾನಿಕ್ ಕುಡಿಯಿರಿ" ಎಂದರು. ವ್ಯಾಪಾರಿಯ ತಲೆಭಾರ ಇಳಿಯಿತು.

"ಡಾಕ್ಟರು ಸೊಂಟ, ಬೆನ್ನು ಅಂದಿದ್ದರು. ಇವರು ಹಿಮ್ಮಡಿ ನೋಡಿದರು" ಎಂದಳು ಶಾಂತವ್ವ.

"ಎಲುಬೆಲ್ಲ ಒಂದೇ."

"ನೀವು ಸೀರೆ ಕೊಳ್ಳುವಾಗ ಸೆರಗಿನ ತುದಿ ನೋಡಿ ಸುಮ್ಮನಾಗುತ್ತೀರಾ? ಮಡಿಕೆ ಬಿಚ್ಚಿ ಪೂರ್ತಿ ನೋಡುವುದಿಲ್ಲವೇ?"

ವ್ಯಾಪಾರಿ ನಕ್ಕ. ಒಂದು ಎಳೆ ತಪ್ಪಿದ್ದರೆ ಸೀರೆಯನ್ನು ನೇಕಾರನ ಮುಖಕ್ಕೆ ಎಸೆಯುತ್ತಿದ್ದವನು, ಹೆಂಡತಿಯ ಮಾತಿಗೆ ನಕ್ಕ.

ಕೆಲವು ತಿಂಗಳು ಕಳೆದವು. ಶಾಂತವ್ವನ ಬೆನ್ನು ಮೆಲ್ಲಗೆ ಬಾಗುತ್ತಿತ್ತು. ನೆಂಟರು "ವಯಸ್ಸಾಯಿತು" ಎಂದರು. ಸೊಸೆಯಂದಿರೂ ಅದನ್ನೇ ಅಂದರು. ಹೆಂಗಸಿನ ಯಾವ ನೋವಿಗೂ ಅಂಟಿಸಬಹುದಾದ ಮಾತು ಅದು. ಒಂದು ದಿನ ಅವಳು ಹಿಟ್ಟಿನ ಡಬ್ಬಿ ಎತ್ತಲು ಬಗ್ಗಿದಳು. ಬಿದ್ದಿರಲಿಲ್ಲ, ಎಡವಿರಲಿಲ್ಲ. ಬೆನ್ನಿನೊಳಗೆ ಏನೋ ಕುಸಿದಂತಾಯಿತು. ಕೂಗಲೂ ಉಸಿರಿಲ್ಲದೆ ಅಲ್ಲೇ ಕುಳಿತಳು.

ಅಂದು ಮಾತ್ರ ವ್ಯಾಪಾರಿ ಅಂಗಡಿ ಮುಚ್ಚಿ ಓಡಿಬಂದು ಅವಳನ್ನು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದ. ಬೇಡವೆಂದಿದ್ದ ಸ್ಕ್ಯಾನನ್ನೂ ಮಾಡಿಸಿದ. ಬೆನ್ನಿನ ಎಲುಬು ಕುಸಿದಿತ್ತು, ಸೊಂಟವೂ ಸವೆದಿತ್ತು. ಡಾಕ್ಟರು ಹೇಳಿದರು: "ಔಷಧಿ ಇದೆ. ಇನ್ನು ಮುರಿಯದಂತೆ ಕಾಯಬಹುದು. ಕುಸಿದದ್ದು ಮಾತ್ರ ಮೊದಲಿನಂತಾಗುವುದಿಲ್ಲ. ಕೈ ಮುರಿದಾಗಲೇ ಬಂದಿದ್ದರೆ ಬಹುಶಃ ಇದು ತಪ್ಪುತ್ತಿತ್ತು."

ವ್ಯಾಪಾರಿ ಹೆಂಡತಿಯ ಮಂಚದ ಬಳಿ ಕುಳಿತು ಕಣ್ಣೊರೆಸಿಕೊಂಡ. "ಎಲ್ಲ ನಮ್ಮ ಹಣೆಬರಹ" ಎಂದ.

ಶಾಂತವ್ವ ಗೋಡೆಯ ಕಡೆ ತಿರುಗಿ ಮಲಗಿದ್ದಳು. "ಹಣೆಬರಹ ಅನ್ನಬೇಡಿ. ನಾನು ಹೇಳಿದ್ದೆ, ನೀವು ಕೇಳಲಿಲ್ಲ" ಎಂದಳು. ಆಮೇಲೆ ಅವನೊಂದಿಗೆ ಬಹಳ ದಿನ ಮಾತಾಡಲಿಲ್ಲ. ಔಷಧಿ ತೆಗೆದುಕೊಂಡಳು, ಕೋಲು ಹಿಡಿದು ನಡೆಯುವುದನ್ನು ಕಲಿತಳು. ಮುಂದೆ ಆಸ್ಪತ್ರೆಗೆ ಹೋಗುವಾಗ ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರ ತಲೆ ತಗ್ಗಿಸಿ ಹೇಳಿದ: "ನಮ್ಮ ಅವ್ವನಿಗೂ ಡಾಕ್ಟರು ಇದೇ ಪರೀಕ್ಷೆ ಬರೆದಿದ್ದಾರೆ. ಸುಮ್ಮನೆ ಹೆದರುತ್ತಾಳೆ ಎಂದು ನಾನೇ ಬೇಡ ಎಂದೆ."

"ಅವಳು ಏನೆಂದಳು?"

"ನಾನು ಅವಳನ್ನು ಕೇಳಲಿಲ್ಲ."

"ಬೇಡ ಎನ್ನಲು ಆ ಎಲುಬು ನಿನ್ನದೇ?" ಎಂದರು ಗುರುಗಳು.