ಬೆಂಚಿನ ಕೊನೆಯ ಜಾಗ

“ಉಪದೇಶಿಗಳೇ, ಮಾಡದ ತಪ್ಪನ್ನು ಮನುಷ್ಯ ಎಷ್ಟು ಕಾಲ ಹೊರಬೇಕು?” ಎಂದು ಯಾಗಪ್ಪ ಕೇಳಿದ.

ಉಪದೇಶಿ ಇನ್ನಾಸಪ್ಪನವರು ಗರಿಗಳ ಭಾನುವಾರಕ್ಕೆಂದು ತೆಂಗಿನ ಗರಿಯಲ್ಲಿ ಪುಟ್ಟ ಶಿಲುಬೆಗಳನ್ನು ಹೆಣೆಯುತ್ತಿದ್ದರು. ಊರಿನ ಮಕ್ಕಳಿಗೆ ಜಪ, ಜ್ಞಾನೋಪದೇಶ ಕಲಿಸುತ್ತಲೇ ಮುದುಕರಾದವರು ಅವರು. ಯಾಗಪ್ಪ ಅವರ ಬಳಿ ಅದೇ ಕೆಲಸ ಕಲಿಯುತ್ತಿದ್ದ. ಚರ್ಚಿನಲ್ಲಿ ಹಾಡುವವರಿಗೂ ಅವನೇ ಮುಂದಾಳಾಗಿದ್ದ, ಹೋದ ಶುಕ್ರವಾರದ ತನಕ.

ಆ ಶುಕ್ರವಾರ ಅವನು ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದ ಉಪವಾಸದಲ್ಲಿದ್ದ. ಶಿಲುಬೆಹಾದಿಯ ಪ್ರಾರ್ಥನೆ ನಡೆಯುತ್ತಿರುವಾಗ ತಲೆ ಸುತ್ತಿ ಮುಗ್ಗರಿಸಿದ. ಪಕ್ಕದಲ್ಲಿದ್ದ ಲಾಜರ್, “ಕುಡಿದು ಬಂದಿದ್ದಾನೆ, ನನಗೇ ವಾಸನೆ ಬಂತು,” ಎಂದುಬಿಟ್ಟ. ಹಾಡಿನ ಮುಂದಾಳುತನ ಲಾಜರ್‌ಗೆ ಹೋಯಿತು. ಯಾಗಪ್ಪನಿಗೆ ಹೆಣ್ಣು ಕೊಡುತ್ತೇವೆಂದಿದ್ದವರು ‘ನೋಡೋಣ, ಇನ್ನೂ ಕಾಲ ಇದೆಯಲ್ಲ’ ಅನ್ನತೊಡಗಿದರು.

“ಉಪವಾಸ ಮಾಡಿ ಕುಡುಕ ಅನ್ನಿಸಿಕೊಂಡೆ,” ಎಂದರು ಇನ್ನಾಸಪ್ಪನವರು. “ಕುಡಿದು ಉಪವಾಸಿ ಅನ್ನಿಸಿಕೊಂಡವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಎಲ್ಲಾದರೂ ಲೆಕ್ಕ ಸರಿಹೋಗಬೇಕಲ್ಲ.”

ಯಾಗಪ್ಪ ನಗಲಿಲ್ಲ. “ಲಾಜರ್‌ನ ತಂಗಿಯ ವಿಷಯ ಒಂದು ನನಗೆ ಗೊತ್ತಾಗಿದೆ. ಪವಿತ್ರ ಗುರುವಾರದ ಪೂಜೆ ಮುಗಿಯಲಿ, ಎಲ್ಲರ ಮುಂದೆ ಅದನ್ನು ಹೇಳುತ್ತೇನೆ. ಆಮೇಲೆ ಅವನು ಹೇಗೆ ತಲೆ ಎತ್ತುತ್ತಾನೋ ನೋಡುತ್ತೇನೆ.”

“ಆ ತಂಗಿ ನಿನಗೇನು ಮಾಡಿದಳು?”

“ಅವಳೇನೂ ಮಾಡಿಲ್ಲ. ಆದರೆ ನಾನೂ ಏನೂ ಮಾಡಿರಲಿಲ್ಲವಲ್ಲ.”

ಇನ್ನಾಸಪ್ಪನವರು ಕೈಯಲ್ಲಿದ್ದ ಗರಿಯನ್ನು ಕೆಳಗಿಟ್ಟರು. “ಹಾಗಾದರೆ ಈ ಕತೆ ಕೇಳು, ಆಮೇಲೆ ಹೋಗು,” ಎಂದು ಶುರುಮಾಡಿದರು.

ಒಂದು ಊರಲ್ಲಿ ಒಬ್ಬ ಗಾರೆಯವನಿದ್ದ. ಅದೇ ಊರಲ್ಲಿ ಒಬ್ಬ ಪಟೇಲನಿದ್ದ. ಇಬ್ಬರೂ ಒಂದೇ ಚರ್ಚಿನವರು.

ಪವಿತ್ರ ಗುರುವಾರ ನಮ್ಮಲ್ಲಿ ಏನು ಮಾಡುತ್ತಾರೆಂದು ನಿನಗೆ ಗೊತ್ತಲ್ಲ. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದದ್ದರ ನೆನಪಿಗೆ, ಚರ್ಚಿನ ಗುರು ಸ್ವಾಮಿಗಳು ಹನ್ನೆರಡು ಜನರನ್ನು ಕೂರಿಸಿ ಅವರ ಕಾಲು ತೊಳೆಯುತ್ತಾರೆ. ಆ ಊರಲ್ಲೂ ಅದೇ. ಒಂದೇ ಉದ್ದದ ಬೆಂಚು, ಹನ್ನೆರಡು ಜನ. ಚೆಂಬು ಹಿಡಿದು ನೀರು ಹಾಕುವುದು ಪಟೇಲನ ಮರ್ಯಾದೆ. ಆದರೆ ಆ ಊರಿನವರು ತಾವಾಗಿಯೇ ಒಂದು ಮಾತು ಸೇರಿಸಿಕೊಂಡಿದ್ದರು. ಬಾಗಿಲ ಕಡೆಯ ಕೊನೆಯ ಜಾಗ ಯೂದನ ಜಾಗವಂತೆ, ಸ್ವಾಮಿಯನ್ನು ಹಿಡಿದುಕೊಟ್ಟ ಆ ಯೂದನದು. ಯಾವ ಗ್ರಂಥದಲ್ಲಿದೆ ಎಂದು ಕೇಳಬೇಡ, ಎಲ್ಲೂ ಇಲ್ಲ. ಅಲ್ಲಿ ಕೂರಲು ಯಾರೂ ಒಪ್ಪುತ್ತಿರಲಿಲ್ಲ. ಚೀಟಿ ಎತ್ತಿ ಯಾರನ್ನೋ ಕೂರಿಸುತ್ತಿದ್ದರು. ಸ್ವಾಮಿಗಳು ಅವನ ಕಾಲು ತೊಳೆದು ಕಳಿಸಿದರೆ, ಮನೆಯಲ್ಲಿ ಹೆಂಡತಿ ಹೊಸ್ತಿಲಾಚೆಯೇ ನಿಲ್ಲಿಸಿ ತಲೆಗೂ ಒಂದು ಕೊಡ ಸುರಿದು ಒಳಗೆ ಬಿಡುತ್ತಿದ್ದಳು.

ಹೀಗಿರುವಾಗ ಮೇತ್ರಾಣಿಗಳು, ಅಂದರೆ ಬಿಷಪ್ಪರು, ಊರಿಗೆ ಬರುತ್ತಾರೆಂದಾಯಿತು. ಚರ್ಚಿನ ಸುತ್ತ ಗೋಡೆ ಕಟ್ಟಿಸಲು ಪಟೇಲ ಮುಂದೆ ನಿಂತ. ಸುಣ್ಣ ತರಿಸಿದವನೂ ಅವನೇ. ಗಾರೆಯವನು ಆ ಸುಣ್ಣವನ್ನು ಕೈಯಲ್ಲಿ ಹಿಡಿದು, “ಇದು ಸತ್ತ ಸುಣ್ಣ, ಕಚ್ಚಲ್ಲ. ಬೇರೆ ಬರೋ ತನಕ ತಡೀರಿ,” ಎಂದ. ಪಟೇಲನಿಗೆ ತಡೆಯಲು ಪುರುಸೊತ್ತಿರಲಿಲ್ಲ. “ಹೇಳಿದಷ್ಟು ಮಾಡು,” ಎಂದ. ಗೋಡೆ ಎದ್ದಿತು. ಮೇತ್ರಾಣಿಗಳು ಬಂದರು, ಹರಸಿ ಹೋದರು. ಮೊದಲ ಮಳೆಗೆ ಗೋಡೆ ಬಿತ್ತು. ಜಪ ಮುಗಿಸಿ ಅದಕ್ಕೊರಗಿ ಕೂತಿದ್ದ ಒಬ್ಬ ಅಜ್ಜಿಯ ಕಾಲು ಮುರಿಯಿತು.

ಊರು ಸೇರಿತು. ಪಟೇಲ ಎದ್ದು ನಿಂತು, “ನಾನು ಕೊಡಿಸಿದ್ದು ಒಳ್ಳೇ ಸುಣ್ಣ. ಇವನು ಅದನ್ನ ಮಾರ್ಕೊಂಡು ಮಣ್ಣು ಕಲಸಿದ್ದಾನೆ,” ಎಂದ.

“ನಾನು ಮಾರಿಲ್ಲ. ಆ ಸುಣ್ಣ ಬೇಡ ಅಂತ ನಿಮಗೇ ಹೇಳಿದ್ದೆ,” ಎಂದ ಗಾರೆಯವನು.

“ಯಾವಾಗ ಹೇಳಿದೆ? ಯಾರ ಮುಂದೆ ಹೇಳಿದೆ?”

ಯಾರೂ ಇರಲಿಲ್ಲ. ಉಳ್ಳವನ ಮಾತೇ ಗೆದ್ದಿತು. ಊರಲ್ಲಿ ಗಾರೆಯವನನ್ನು ಕೆಲಸಕ್ಕೆ ಕರೆಯುವುದು ನಿಂತಿತು. ಅವನು ಹೊರಗಿನ ಊರುಗಳಿಗೆ ಕೂಲಿ ಹುಡುಕಿಕೊಂಡು ಹೋಗತೊಡಗಿದ. ಆ ಅಜ್ಜಿ ಅವನನ್ನು ಕಂಡಾಗಲೆಲ್ಲ ಮಣ್ಣು ತೂರಿ ಶಾಪ ಹಾಕುತ್ತಿದ್ದಳು. ಇನ್ನು ಬೆಂಚಿನ ಕೊನೆಯ ಜಾಗಕ್ಕೆ ಚೀಟಿ ಎತ್ತುವ ಕಷ್ಟವೂ ತಪ್ಪಿತು. ಪ್ರತಿ ವರ್ಷವೂ ಅಲ್ಲಿ ಅವನನ್ನೇ ಕೂರಿಸಿದರು.

“ಅವನೂ ಹೋಗಿ ಕೂತನೆ?” ಎಂದ ಯಾಗಪ್ಪ.

ಕೂತ. ಸಂತನ ಹಾಗೆ ಕೂತ ಎಂದುಕೊಳ್ಳಬೇಡ. ಅವನೇನು ಕಲ್ಲಲ್ಲ. ಮೊದಲ ವರ್ಷ ಹಲ್ಲು ಕಚ್ಚಿಕೊಂಡು ಕೂತ, ಮನೆಗೆ ಬಂದು ಅತ್ತ. ಆ ವರ್ಷ ಅವನ ಪ್ರಾರ್ಥನೆ ಏನಿತ್ತು ಗೊತ್ತೆ? ‘ಸ್ವಾಮೀ, ಚೆಂಬು ಹಿಡಿಯುವ ಆ ಕೈ ಸೇದಿಹೋಗಲಿ.’ ದೇವರು ಎಲ್ಲ ಪ್ರಾರ್ಥನೆಗೂ ಹೂಂ ಅನ್ನದಿರುವುದು ನಮ್ಮೆಲ್ಲರ ಪುಣ್ಯ.

ಮುಂದಿನ ವರ್ಷವೋ, ಅದರ ಮುಂದಿನ ವರ್ಷವೋ, ಅದೇ ಬೆಂಚಿನ ಮೇಲೆ ಕೂತು ಅವನು ಶುಭಸಂದೇಶ ಕೇಳುತ್ತಿದ್ದ. ಚಿಕ್ಕಂದಿನಿಂದ ಕೇಳಿದ್ದೇ. ಆ ದಿನ ಮಾತ್ರ ಕಿವಿಗೆ ಬಿತ್ತು. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆಯುವಾಗ ಯೂದ ಇನ್ನೂ ಎದ್ದು ಹೋಗಿರಲಿಲ್ಲ. ಅವನ ಮನಸ್ಸಿನಲ್ಲಿದ್ದದ್ದು ಸ್ವಾಮಿಗೆ ಗೊತ್ತಿತ್ತು. ಆದರೂ ಅವನ ಕಾಲನ್ನೂ ತೊಳೆದರು.

ಮರುವರ್ಷ ಹೆಂಡತಿ, “ನಾಚಿಕೆ ಆಗಲ್ವಾ ನಿಮಗೆ? ಈ ಸಲ ಜ್ವರ ಅಂತ ಮಲಗ್ಬಿಡಿ,” ಎಂದಳು.

“ಸ್ವಾಮಿ ಆ ಜಾಗಾನ ದಾಟ್ಕೊಂಡು ಹೋಗ್ಲಿಲ್ಲ ಕಣೇ,” ಎಂದ ಗಾರೆಯವನು. “ಅಲ್ಲೂ ಮೊಣಕಾಲೂರಿದ್ರು. ಅವರು ಬರೋ ಕಡೆ ಕೂತ್ಕೊಳ್ಳೋಕೆ ನಂಗ್ಯಾಕೆ ನಾಚಿಕೆ?”

ಆದರೆ ಇದನ್ನೂ ತಿಳಿದುಕೋ. ‘ಸುಣ್ಣ ಮಾರಿದೆಯಾ?’ ಎಂದು ಕೇಳಿದವರಿಗೆ ಅವನು ಪ್ರತಿ ಸಲವೂ ‘ಇಲ್ಲ’ ಎಂದೇ ಹೇಳಿದ. ಜಗಳ ಮುಗಿಯಲಿ ಎಂದು ಸುಳ್ಳಿಗೆ ತಲೆಯಾಡಿಸಲಿಲ್ಲ. ತಾಳ್ಮೆಗೂ ಸುಳ್ಳಿಗೂ ಸಂಬಂಧ ಕಟ್ಟಬೇಡ.

ವರ್ಷಗಳು ಕಳೆದವು. ಪಟೇಲನ ಮಗಳು ಬಾಣಂತನಕ್ಕೆ ಬರುವವಳಿದ್ದಳು. ಅವಳಿಗೆಂದು ಪಟೇಲ ಮನೆಗೊಂದು ಕೋಣೆ ಸೇರಿಸಿದ. ಪರ ಊರಿನ ಕೆಲಸದವರನ್ನು ಕರೆಸಿದ. ಸುಣ್ಣ? ಚರ್ಚಿನ ಗೋಡೆಗೆ ತರಿಸಿದ್ದು ಹಿತ್ತಿಲಲ್ಲಿ ಇನ್ನೂ ಒಂದು ರಾಶಿ ಬಿದ್ದಿತ್ತು. ಅದನ್ನೇ ಬಳಸಿದ. ತಾನು ಹೇಳಿದ ಸುಳ್ಳನ್ನು ಮನುಷ್ಯ ಬಹಳ ಸಲ ಹೇಳಿದರೆ ಕಡೆಗೆ ಅದರಲ್ಲೇ ಮನೆ ಕಟ್ಟುತ್ತಾನೆ. ಮಗಳು ಬಂದಳು. ಮಗು ಹುಟ್ಟಿತು. ಆ ಕೋಣೆಯಲ್ಲೇ ತೊಟ್ಟಿಲು ಕಟ್ಟಿದರು.

ತಪಸ್ಸು ಕಾಲದ ಕೊನೆಯಲ್ಲಿ ಗಾರೆಯವನು ಆ ಮನೆಯ ಹಿಂದಿನ ದಾರಿಯಲ್ಲಿ ಬಂದ. ಹೊಸ ಗೋಡೆ ಹೊಟ್ಟೆ ಬಿಟ್ಟಿತ್ತು. ಬೆರಳಿಟ್ಟರೆ ಗಾರೆ ಹಿಟ್ಟಿನಂತೆ ಉದುರಿತು. ಅದೇ ಸತ್ತ ಸುಣ್ಣ ಎಂದು ಅವನಿಗೆ ಗೊತ್ತಾಯಿತು. ಒಳಗೆ ಮಗು ಅಳುವುದು ಕೇಳಿಸಿತು. ಅವನು ಏನೂ ಹೇಳದೆ ಮನೆಗೆ ಹೋದ.

ಹೆಂಡತಿಗೆ ಹೇಳಿದ. ಅವಳು ಕೆಟ್ಟವಳಲ್ಲ. ಪರ ಊರಿನ ಕೂಲಿಯಲ್ಲಿ ಸಂಸಾರ ತೂಗಿದವಳು, ಬಾವಿಕಟ್ಟೆಯಲ್ಲಿ ಎಲ್ಲರೂ ನೀರು ಸೇದಿಕೊಂಡು ಹೋದ ಮೇಲೆ ಹಗ್ಗ ಇಳಿಸಿದವಳು. ಅವಳು ಹೇಳಿದಳು: “ನೀವೇನೂ ಮಾಡ್ಬೇಡಿ. ಸುಮ್ನಿರಿ ಅಷ್ಟೆ. ಒಂದು ಮಳೆ ಬಂದ್ರೆ ಸಾಕು, ಯಾರ ಸುಣ್ಣ ಎಂಥದ್ದು ಅಂತ ಊರೇ ನೋಡುತ್ತೆ. ಇಷ್ಟು ವರ್ಷ ತಾಳ್ಕೊಂಡವರಿಗೆ ಇನ್ನೊಂದು ಮಳೆ ತಾಳೋಕಾಗಲ್ವಾ?”

ಇನ್ನಾಸಪ್ಪನವರು ಕತೆ ನಿಲ್ಲಿಸಿದರು. “ನೀನಾಗಿದ್ದರೆ ಏನು ಮಾಡುತ್ತಿದ್ದೆ?”

ಯಾಗಪ್ಪ, “ಸುಮ್ಮನಿರುತ್ತಿದ್ದೆ. ಅದೂ ತಾಳ್ಮೆಯೇ ಅಲ್ಲವೆ?” ಎಂದ.

“ಹೌದು. ಕೊಕ್ಕರೆಗೂ ತಾಳ್ಮೆ ಇರುತ್ತದೆ, ಮೀನು ಬರುವ ತನಕ,” ಎಂದು ಅವರು ಮುಂದುವರಿಸಿದರು.

ಗಾರೆಯವನಿಗೆ ಊಟ ಸೇರಲಿಲ್ಲ. ತನ್ನ ಮಾನ ತನಗೆ ವಾಪಸು ಬರಬೇಕಾದರೆ ಆ ಗೋಡೆ ಬೀಳಬೇಕು. ಗೋಡೆ ಬೀಳುವ ಕಡೆ ತೊಟ್ಟಿಲಿದೆ. ಇಷ್ಟೇ ವಿಷಯ. ಅವನಿಗೆ ಮಾನ ಬೇಕಿತ್ತು, ಬಹಳ ಬೇಕಿತ್ತು. ಕೂತು ಎದ್ದು, ಎದ್ದು ಕೂತು, ಕಡೆಗೆ ಪಟೇಲನ ಬಾಗಿಲಿಗೆ ಹೋದ.

“ಏನ್ ಬಂದೆ?” ಎಂದ ಪಟೇಲ.

“ತೊಟ್ಟಿಲು ಆಚೆ ತೆಗೀರಿ. ಗೋಡೆ ನಿಲ್ಲಲ್ಲ.”

ಪಟೇಲ ಒಳಗೆ ಹೋಗಿ ಗೋಡೆಗೆ ಕೈ ಇಟ್ಟ. ಅಂಗೈ ತುಂಬ ಪುಡಿ ಬಂತು. ಆ ಪುಡಿ ಯಾವುದೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ತಾಯಿಯನ್ನೂ ಮಗುವನ್ನೂ ಹೊರಗೆ ಕರೆದುಕೊಂಡು ಬಂದರು. ಗಾರೆಯವನು ಮೇಲಿಂದ ಒಂದೊಂದೇ ಇಟ್ಟಿಗೆ ಬಿಚ್ಚಿ ಗೋಡೆ ಇಳಿಸಿದ. ಪುಡಿಯನ್ನೆಲ್ಲ ಬಾಚಿ ತಿಪ್ಪೆಗುಂಡಿಗೆ ಹಾಕಿದ. ಅವನ ಪರವಾಗಿ ಸಾಕ್ಷಿ ಹೇಳಬಲ್ಲದ್ದು ಲೋಕದಲ್ಲಿ ಅದೊಂದೇ ಇತ್ತು. ಅದನ್ನೂ ತನ್ನ ಕೈಯಾರೆ ಗುಂಡಿಗೆ ಹಾಕಿ, ಕೈಕಾಲು ತೊಳೆದುಕೊಂಡು ಮನೆಗೆ ಹೋದ. ಆ ದಿನ ಅವನ ಹೆಂಡತಿ ತಟ್ಟೆಯನ್ನು ಅವನ ಮುಂದೆ ಕುಕ್ಕಿ ಎದ್ದು ಹೋದಳು.

ಗುರುವಾರ ಬಂತು. ಹನ್ನೆರಡು ಜನ ಕೂತರು. ಗಾರೆಯವನು ತನ್ನ ಜಾಗದಲ್ಲೇ ಕೂತ. ಸ್ವಾಮಿಗಳು ಒಬ್ಬೊಬ್ಬರ ಮುಂದೆ ಮೊಣಕಾಲೂರುತ್ತಾ ಬಂದರು, ಪಟೇಲ ನೀರು ಹಾಕುತ್ತಾ ಬಂದ. ಕೊನೆಯವನ ಮುಂದೆ ಬಂದಾಗ ಚೆಂಬು ಬಾಗಲಿಲ್ಲ. ಸ್ವಾಮಿಗಳು ಕತ್ತೆತ್ತಿ ನೋಡಿದರು. ಪಟೇಲ ಚೆಂಬನ್ನು ಕೆಳಗಿಟ್ಟು, ಇಡೀ ಚರ್ಚಿಗೆ ಕೇಳುವ ಹಾಗೆ ಹೇಳಿದ:

“ಆ ಸುಣ್ಣ ಬೇಡ ಅಂತ ಇವನು ನಂಗೆ ಹೇಳಿದ್ದ.”

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಗದ್ದಲವೋ ಗದ್ದಲ. ಕಾಲು ಮುರಿದ ಅಜ್ಜಿ ಊರುಗೋಲು ಕುಟ್ಟಿ ಎದ್ದಳು. “ಎಬ್ಬಿಸ್ರೋ ಆ ಗಾರೆಯವನ್ನ! ಈ ಪಟೇಲನ್ನ ಕೂರಿಸ್ರೋ ಅಲ್ಲಿ! ಅದು ಇವನ ಜಾಗ!” ಎಂದು ಕೂಗಿದಳು. ಅವಳು ಕೂಗಿದ್ದರಲ್ಲಿ ತಪ್ಪೇನೂ ಇಲ್ಲ, ನೋವು ಅವಳದು. ಬೆಂಚಿನ ಮೊದಲ ಜಾಗದಲ್ಲಿ ಕೂತಿದ್ದವನು ತಾನೇ ಎದ್ದು, “ಬಾಪ್ಪ, ಇಲ್ಲಿ ಕೂತ್ಕೋ,” ಎಂದು ಗಾರೆಯವನನ್ನು ಕರೆದ.

ಪಟೇಲ ಬೆಂಚಿನ ತುದಿಗೆ ಬಂದು ನಿಂತ. ಗಾರೆಯವನು ಎದ್ದರೆ ಅವನು ಕೂರಬೇಕು, ಒಬ್ಬನೇ.

ಗಾರೆಯವನು ಏಳಲಿಲ್ಲ.

ಅವನು ಪಕ್ಕದವನ ಕಡೆ ಒತ್ತಿಕೊಂಡು ಒಂದು ಗೇಣು ಸರಿದ. ಸರಿದು, “ಕೂತ್ಕೊಳ್ಳಿ,” ಎಂದ. ಅಲ್ಲಿ ಇಬ್ಬರಿಗೆ ಆಗುವಷ್ಟು ಜಾಗ ಇರಲಿಲ್ಲ. ಪಟೇಲನ ಅರ್ಧ ಮೈ ಬೆಂಚಿನಾಚೆಗೇ ಇತ್ತು. ಮೊದಲ ಜಾಗದಿಂದ ಎದ್ದಿದ್ದವನೂ ಮರಳಿ ಬಂದು, ಹೇಗೋ ಎಲ್ಲರೂ ಕೂತರು. ಚೆಂಬು ಹಿಡಿಯುವವರಿಲ್ಲದೆ ಸ್ವಾಮಿಗಳೇ ನೀರು ಹಾಕಿಕೊಂಡು, ಆ ವರ್ಷ ಹದಿಮೂರು ಜನರ ಕಾಲು ತೊಳೆದರು.

ಆಮೇಲೆ ಆ ಬೆಂಚನ್ನು ಒಂದು ಮೊಳ ಉದ್ದ ಮಾಡಿಸಿದರು. ಪಟೇಲ ಊರ ಮುಂದೆ ತಪ್ಪೊಪ್ಪಿಕೊಂಡು, ಚರ್ಚಿನ ಗೋಡೆಯನ್ನು ಗಾರೆಯವನ ಕೈಯಲ್ಲೇ ಹೊಸ ಸುಣ್ಣದಲ್ಲಿ ಕಟ್ಟಿಸಿದ. ಅಜ್ಜಿ ಇರುವ ತನಕ ಅವಳಿಗೆ ಅನ್ನ ಅವನ ಮನೆಯಿಂದಲೇ ಹೋಯಿತು. ಹಾಗೆಂದು ಅವಳು ಬೈಯುವುದನ್ನೇನೂ ಬಿಡಲಿಲ್ಲ, ಉಣ್ಣುತ್ತಲೇ ಬೈಯುತ್ತಿದ್ದಳು. ಕೊನೆಯ ಜಾಗದಲ್ಲಿ ಕೂತು ಬಂದವರ ತಲೆಗೆ ನೀರು ಸುರಿಯುವ ಹೆಂಗಸರು ಅಲ್ಲಿ ಈಗಲೂ ಇದ್ದಾರಂತೆ.

ಇನ್ನಾಸಪ್ಪನವರು ಗರಿಯನ್ನು ಮತ್ತೆ ಕೈಗೆತ್ತಿಕೊಂಡರು.

ಯಾಗಪ್ಪನಿಗೆ ಸಮಾಧಾನವಾಗಿರಲಿಲ್ಲ. “ಆ ಪಟೇಲ ಬಾಯಿಬಿಟ್ಟ, ಸರಿ. ಬಿಡದೇ ಇದ್ದಿದ್ದರೆ?”

“ಗಾರೆಯವನು ಕೊನೆಯ ಜಾಗದಲ್ಲೇ ಸಾಯುತ್ತಿದ್ದ. ಗೋಡೆ ಬಿಚ್ಚುವಾಗ ಅದು ಅವನಿಗೆ ಗೊತ್ತಿತ್ತು. ಮಗು ಹೇಗೂ ಬದುಕುತ್ತಿತ್ತು.”

“ಹಾಗಾದರೆ ಲಾಜರ್ ನಿಜ ಹೇಳುತ್ತಾನೆ ಅನ್ನುವುದಕ್ಕೆ ನನಗೇನು ಖಾತ್ರಿ? ಗುರುವಾರ ನಾನು ಸುಮ್ಮನಿದ್ದರೆ ಅವನು ಬಂದು ಒಪ್ಪಿಕೊಳ್ಳುತ್ತಾನೆಯೆ?”

ಇನ್ನಾಸಪ್ಪನವರು ಹೆಣೆದು ಮುಗಿದ ಶಿಲುಬೆಯನ್ನು ಅವನ ಕೈಯಲ್ಲಿಟ್ಟರು.

“ಅವನು ಬರುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ ಯಾಗಪ್ಪ, ಬಂದರೆ ನೀನು ಸರಿದು ಕೂರುತ್ತೀಯಾ, ಅದನ್ನು ಹೇಳು.”