ಅಜ್ಜನವರು ಕೈಯಲ್ಲಿ ಹಿಡಿದ ವ್ರತ

ಕೆಂಗಲಗಟ್ಟಿಯ ಪೂಜ್ಯ ಚಿಕ್ಕಲಿಂಗಜ್ಜನವರಿಗೆ ಪೀಠವಿರಲಿಲ್ಲ, ಪಲ್ಲಕ್ಕಿಯಿರಲಿಲ್ಲ. ಗುರುಗಳ ಗದ್ದುಗೆಯ ಮಗ್ಗುಲಲ್ಲಿ ತಗಡಿನ ಒಂದು ಕೋಣೆ, ಒಂದು ಕಂಬಳಿ, ಅಷ್ಟೇ ಅವರ ಮಠ. ಎಪ್ಪತ್ತನಾಲ್ಕರ ವಯಸ್ಸಿನಲ್ಲಿಯೂ ದಾಸೋಹದ ಬೇಳೆಯನ್ನು ತಾವೇ ಆರಿಸುತ್ತಿದ್ದರು. ಆ ದಿನವೂ ಮೊರ ಹಿಡಿದು ಕುಳಿತಿದ್ದಾಗಲೇ ಟ್ರ್ಯಾಕ್ಟರ್ ರಿಪೇರಿಯ ಫಕೀರಪ್ಪ ಹೆಂಡತಿ ಶಂಕ್ರವ್ವನನ್ನು ಕರೆದುಕೊಂಡು ಬಂದನು. ಆಕೆಯ ತೋಳಿನಲ್ಲಿ ಮೂರು ವರ್ಷದ ಮಗಳು ದಾನವ್ವ. ಕೂಸಿನ ತುಟಿ, ಉಗುರು ನೇರಳೆ ಹಣ್ಣು ತಿಂದ ಹಾಗೆ ನೀಲಿಗಟ್ಟಿದ್ದವು.

ಫಕೀರಪ್ಪ ನಮಸ್ಕಾರ ಮಾಡಲಿಲ್ಲ.

“ಕೂಸಿನ ಎದಿಯಾಗ ತೂತು ಐತ್ರಿ ಅಜ್ಜಾರ. ಅದನ್ನ ಡಾಕ್ಟರು ಹೊಲೀತಾರ, ಮುಂದಿನ ತಿಂಗಳು ಆಪರೇಷನ್. ನಿಮ್ಮ ಬೂದಿಯಿಂದ ಅದು ಮುಚ್ಚೂದಿಲ್ಲ ಅಂತ ನನಗ ಗೊತ್ತೈತಿ. ನಾ ಬಂದದ್ದು ಈಕಿ ಸಲುವಾಗಿ.”

ಮಗಳ ಎದೆ ನೆಟ್ಟಗಾಗುವವರೆಗೆ ಉಪ್ಪು ಮುಟ್ಟುವುದಿಲ್ಲ, ನೆಲಕ್ಕೆ ಬೆನ್ನು ಹಚ್ಚುವುದಿಲ್ಲವೆಂದು ಶಂಕ್ರವ್ವ ಇದೇ ಗದ್ದುಗೆಯ ಮುಂದೆ ಹರಕೆ ಹೊತ್ತಿದ್ದಳು. ಐದು ತಿಂಗಳಾಗಿತ್ತು. ಕೂಸಿನ ಎದೆಯ ಮೇಲೆ ಕೈಯಿಟ್ಟುಕೊಂಡು ಕುಳಿತೇ ತೂಕಡಿಸುತ್ತಿದ್ದಳು. ಎರಡು ಸಲ ಒಲೆಯ ಮುಂದೆ ಬಿದ್ದಿದ್ದಳು. ತಾಯಿಯನ್ನು ನೋಡಿ ಡಾಕ್ಟರೇ ಗಾಬರಿಯಾಗಿದ್ದರಂತೆ.

“ನಾ ಹೇಳಿದ್ರ ಕೇಳೂದಿಲ್ಲ. ನೀವಾದ್ರೂ ಬಿಡಿಸ್ರಿ.”

ಶಂಕ್ರವ್ವ ತಲೆಯೆತ್ತದೆ ಅಂದಳು, “ಬಿಟ್ಟರ ನನ್ನ ಮಗಳು ಉಳಿಯೂದಿಲ್ರೀ.”

ಅಜ್ಜನವರು ಮೊರ ಕೆಳಗಿಟ್ಟರು. ಆಮೇಲೆ ತಮ್ಮ ಬಲಗೈ ಚಾಚಿದರು.

“ಬಿಡಬ್ಯಾಡ ತಾಯಿ. ನನ್ನ ಕೈಯಾಗ ಕೊಡು. ಇವತ್ತಿನಿಂದ ನಾ ಹಿಡೀತೀನಿ.”

ಗದ್ದುಗೆಯ ಮುಂದೆ ತಂಬಿಗೆಯ ನೀರನ್ನು ಆಕೆ ಅಜ್ಜನವರ ಅಂಗೈಗೆ ಧಾರೆಯೆರೆದಳು. ಆ ಮಧ್ಯಾಹ್ನ ಪಂಕ್ತಿಯಲ್ಲಿ ಕುಳಿತು ಎರಡು ರೊಟ್ಟಿ, ಪುಂಡಿಪಲ್ಯ ಉಂಡು, ದಾಸೋಹದ ಪಡಸಾಲೆಯಲ್ಲಿ ಮಗಳ ಮಗ್ಗುಲಿಗೆ ಮಲಗಿದವಳು ಹೊತ್ತು ಇಳಿಯುವವರೆಗೆ ಹೊರಳಲಿಲ್ಲ.

“ನಾಟಕ ಛಲೋ ಆತು ಬಿಡ್ರಿ,” ಎಂದ ಫಕೀರಪ್ಪ. “ಹೆಂಗರ ಉಂಡಳಲ್ಲ, ಸಾಕು.”

ಅಂದಿನಿಂದ ಅಜ್ಜನವರ ತಟ್ಟೆಗೆ ಉಪ್ಪಿಲ್ಲದ ಅಡುಗೆ. ರಾತ್ರಿಯೆಲ್ಲ ಗೋಡೆಗೆ ಒರಗಿ ಕುಳಿತೇ ಇರುತ್ತಿದ್ದರು. ಹತ್ತು ದಿನದಲ್ಲಿ ಮೊಣಕಾಲು ಬಾತವು. ವ್ರತ ಬಿಡಿರೆಂದು ಭಕ್ತರು ಬೇಡಿಕೊಂಡರು, ಅವರು ಬಿಡಲಿಲ್ಲ.

ಕೂಸು ಉಳಿಯಿತೆಂದು ಬರೆಯುವ ಭಾಗ್ಯ ನನಗಿಲ್ಲ. ಡಾಕ್ಟರರು ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು. ಶಸ್ತ್ರಚಿಕಿತ್ಸೆಯಾದ ನಾಲ್ಕನೆಯ ದಿನ ದಾನವ್ವ ಶಿವನ ಪಾದ ಸೇರಿದಳು.

ಹದಿಮೂರನೆಯ ದಿನ ಗಂಡಹೆಂಡತಿ ಮತ್ತೆ ಬಂದರು. ಶಂಕ್ರವ್ವನ ಕಣ್ಣಲ್ಲಿ ನೀರಿರಲಿಲ್ಲ. ಅಂದಿನಿಂದ ಒಂದು ಹನಿಯೂ ಬಂದಿರಲಿಲ್ಲವಂತೆ. ಅನ್ನವನ್ನೂ ಬಿಟ್ಟಿದ್ದಳು. ಮಾತನಾಡಿಸಲು ಬಂದ ಹೆಂಗಸರು ಬಾಗಿಲಲ್ಲೇ ಆಡಿಕೊಂಡಿದ್ದರು: “ಹೆತ್ತಾಕಿ ಇನ್ನೊಂದು ತಿಂಗಳ ಬಾಯಿ ಕಟ್ಟಿದ್ರ ಏನಾಗತಿತ್ತು?”

“ಅಜ್ಜಾರ, ನಾ ಉಪ್ಪು ತಿಂದೆ,” ಅಂದಳು. “ನೆಲಕ್ಕ ಬೆನ್ನು ಹಚ್ಚಿದೆ. ಅದಕ್ಕ ಹೋದಳು.”

ಅಜ್ಜನವರು ಅಡುಗೆಯ ಬಸಲಿಂಗವ್ವನನ್ನು ಕರೆದರು. “ಯವ್ವಾ, ನನ್ನ ಊಟದಾಗ ಎಂದರ ಉಪ್ಪು ಬಿದ್ದಿತ್ತೇನು?”

“ಶಿವನಾಣಿ ಇಲ್ರಿ ಅಜ್ಜಾರ, ಒಂದು ಹರಳು ಬಿದ್ದಿಲ್ಲ. ನೀವು ಮಲಗಿದ್ದನ್ನೂ ನಾ ನೋಡಿಲ್ಲ. ನಿಮ್ಮ ಕಾಲು ನೋಡಿದ್ರ ನನ್ನ ಹೊಟ್ಟಿ ಉರೀತೈತಿ.”

ಅಜ್ಜನವರು ಶಂಕ್ರವ್ವನ ಕಡೆ ತಿರುಗಿದರು.

“ವ್ರತ ಮುರದಿಲ್ಲ ತಾಯಿ. ಮುರೀದಿದ್ರೂ ಕೂಸು ಹೋತು. ಇದರಾಗ ನಿನ್ನ ತಪ್ಪು ಎಲ್ಲೈತಿ?”

ಆಗ ಬಾಗಿಲಲ್ಲಿ ನಿಂತಿದ್ದ ಫಕೀರಪ್ಪ ಅಲ್ಲೇ ಕುಳಿತನು.

“ಆ ಮಾತು ಮೊದಲು ಆಡಿದಾಂವ ನಾನ ರೀ ಅಜ್ಜಾರ. ಕೂಸನ್ನ ಮಣ್ಣು ಮಾಡಿ ಬಂದು, ನೀ ಉಂಡಿ, ಆಕಿ ಹೋದಳು ಅಂತ ಅಂದೆ. ವ್ರತಾ ಎಲ್ಲಾ ಸುಳ್ಳು ಅಂತ ನಿಮ್ಮ ಮುಂದ ಮೆರದಾಂವ… ಅಂದಬಿಟ್ಟೆ. ಎದಿಯಾಗಿನ ಬೆಂಕಿ ಹಾಕಾಕ ನನಗ ಬ್ಯಾರೆ ಜಾಗಾ ಸಿಗಲಿಲ್ಲ.”

ಶಂಕ್ರವ್ವ ಗಂಡನನ್ನು ನೋಡಿದಳು. ಆಮೇಲೆ ಆಕೆಯ ಬಾಯಿಂದ ಬಂದ ದನಿಯನ್ನು ನಾನು ಬರೆಯಲಾರೆ. ದಾಸೋಹದಲ್ಲಿ ರೊಟ್ಟಿ ಬಡಿಯುತ್ತಿದ್ದವರ ಕೈ ನಿಂತವು. ಅಜ್ಜನವರು ಫಕೀರಪ್ಪನಿಗೆ, “ಅಲ್ಲೇ ಯಾಕ ಕುಂತಿ? ಆಕಿ ಹತ್ತರ ಕೂಡು,” ಎಂದರು. ಅವನು ಹೋಗಿ ಕುಳಿತನು. ಸಂಜೆಯವರೆಗೆ ಇಬ್ಬರೂ ಅತ್ತರು. ಕತ್ತಲಾಗುವ ಮುಂಚೆ ಆಕೆ ಒಂದು ಬಟ್ಟಲು ಅಂಬಲಿ ಕುಡಿದಳು.

ಫಕೀರಪ್ಪ ಆಮೇಲೆಯೂ ವಿಭೂತಿ ಹಚ್ಚಿಕೊಂಡದ್ದನ್ನು ಕಂಡವರು ಕಡಿಮೆ. ಆದರೆ ಸುತ್ತಲಿನ ಹಳ್ಳಿಗಳಲ್ಲಿ ಯಾರ ಮನೆಯ ಕೂಸು ಹಾಸಿಗೆ ಹಿಡಿದರೂ, ಗ್ರೀಸು ಬಳಿದ ಕೈಯಲ್ಲೇ ಅಲ್ಲಿಗೆ ಹೋಗಿ ನಿಲ್ಲುತ್ತಾನೆ. ಕೂಸು ಹೇಗಿದೆಯೆಂದು ಆಮೇಲೆ ವಿಚಾರಿಸುತ್ತಾನೆ. ಮೊದಲು ಕೇಳುವುದು ಒಂದೇ: “ತಾಯಿ ಉಂಡಾಳೇನ್ರಿ?”